ನಿಮ್ಮ ಅಜ್ಜ ಮೂರು ಸಲವೂ ಒಂದೇ ಗುಂಡು ಹೊಡೆದಿದ್ದಾರೆ

ನಮಸ್ಕಾರ. ನೀವು ಕಳಿಸಿದ ಬೇಟೆ ಕತೆ ಎರಡು ಸಲ ಓದಿದೆ. 1968ರ ಯಲಬುರ್ಗಾ, ಎರೆ ಹೊಲ, ಕಡಲೆ ಮೇಯಲು ಬಂದ ಚಿಗರಿ (ಕೃಷ್ಣಮೃಗ) ಹಿಂಡು, ನಳಿಗೆಗೆ ಮದ್ದು ತುಂಬುವ ಹಳೇ ಬಂದೂಕು ಹಿಡಿದ ಅಜ್ಜ. ಸರಕು ಚೆನ್ನಾಗಿದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗಲ್ಲ.

ಅಜ್ಜ 30 ಗಜದಿಂದ ಒಂದು, 100 ಗಜದಿಂದ ಒಂದು, 300 ಗಜದಿಂದ ಒಂದು ಹೊಡೆಯುತ್ತಾರೆ. ಅಂಕಿ ಬದಲಾಗಿದೆ, ಅಜ್ಜ ಬದಲಾಗಿಲ್ಲ. ಮೂರೂ ಕಡೆ ‘ಉಸಿರು ಬಿಗಿಹಿಡಿದು ಕುದುರೆ (ಬಂದೂಕಿನ ಟ್ರಿಗರ್) ಎಳೆದರು’, ಅಷ್ಟೇ.

30 ಗಜದಲ್ಲಿ ಗುರಿ ಇಡುವುದು ಕಷ್ಟವಲ್ಲ, ಅಷ್ಟು ಹತ್ತಿರ ಹೋಗುವುದೇ ಕಷ್ಟ. ಬಯಲಲ್ಲಿ ಚಿಗರಿಗೆ ಮನುಷ್ಯ ಎಷ್ಟೋ ದೂರದಿಂದಲೇ ಕಾಣುತ್ತಾನೆ, ಮರೆಗೆ ಒಂದು ಜಾಲಿ ಗಿಡ ಸಿಕ್ಕರೆ ಪುಣ್ಯ. ಅಜ್ಜ ಎಷ್ಟು ಹೊತ್ತು ತೆವಳಿದರು, ಮೊಣಕೈಗೆ ಹೆಂಟೆ ಒತ್ತಿತಾ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಒಂದೂ ಇಲ್ಲ. ಕರಿ ಮದ್ದು ಸಿಡಿದರೆ ಬಿಳಿ ಹೊಗೆ ಮುಖದ ಎದುರೇ ನಿಲ್ಲುತ್ತದೆ, ಪ್ರಾಣಿ ಬಿತ್ತೋ ಓಡಿತೋ ಅಂತ ತಕ್ಷಣ ಗೊತ್ತೇ ಆಗಲ್ಲ. ನೀವು ನೋಡಿದರೆ ‘ಮರುಕ್ಷಣವೇ ಇನ್ನೊಂದು ಗುಂಡು’ ಅಂತ ಬರೆದಿದ್ದೀರಿ. ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿದು, ಮದ್ದಿಗೆ ಕಿಡಿ ಕೊಡುವ ಕೇಪು ಇಡುವಷ್ಟರಲ್ಲಿ ಹಿಂಡು ಪಕ್ಕದೂರಿನ ಸೀಮೆ ದಾಟಿರುತ್ತದೆ!

ಒಳಗೆ ನುಣ್ಣಗಿರುವ ಆ ನಳಿಗೆಗೆ 100 ಗಜವೇ ಅದೃಷ್ಟದ ಮಾತು. 300 ಬೇಕೇ ಬೇಕು ಅಂದರೆ ಅಜ್ಜನಿಗೆ ಯಾರದ್ದಾದರೂ ರೈಫಲ್ ಕೊಡಿಸಿ. ಆಗಲೂ 100 ಗಜಕ್ಕೆ ಗುರಿ ಹೊಂದಿಸಿದ ತರ್ಟಿ ನಾಟ್ ಸಿಕ್ಸ್ (.30-06) ರೈಫಲ್‌ನ ಗುಂಡು 300ಕ್ಕೆ ಹೋಗುವಷ್ಟರಲ್ಲಿ ಸುಮಾರು ಒಂದು ಅಡಿ ಇಳಿದಿರುತ್ತದೆ, ಅಡ್ಡಗಾಳಿ ಎಳೆಯುವುದು ಬೇರೆ. ನೇರ ಗುರಿ ಇಟ್ಟರೆ ಗುಂಡು ಹೊಟ್ಟೆ ಕೆಳಗೆ ಹಾದು ಮಣ್ಣಿಗೆ ಬೀಳುತ್ತದೆ. ನೀವು ‘ಹಣೆಗೆ ಗುರಿ ಇಟ್ಟರು’ ಅಂದಿದ್ದೀರಿ. ಅನುಭವಸ್ಥ ಬೇಟೆಗಾರ ಅಷ್ಟು ದೂರದಿಂದ ಹಣೆಗೆ ಹೊಡೆಯಲು ಹೋಗಲ್ಲ. ಅವನು ನೋಡುವುದು ಮುಂಗಾಲಿನ ಹಿಂದೆ, ಎದೆಗೂಡು, ಸಣ್ಣ ರೊಟ್ಟಿಯಷ್ಟು ಜಾಗ. ಇನ್ನೊಂದು, ‘ಸದ್ದಿಗೆ ತಲೆ ಎತ್ತಿತು, ಅಷ್ಟರಲ್ಲಿ ಗುಂಡು ತಗುಲಿತು’ ಅನ್ನುವ ಸಾಲು. ರೈಫಲ್ ಗುಂಡು ಸದ್ದಿಗಿಂತ ಮೊದಲೇ ತಲುಪುತ್ತದೆ. ಸದ್ದು ಕೇಳಿ ತಲೆ ಎತ್ತುವುದು ಪಕ್ಕದಲ್ಲಿದ್ದ ಚಿಗರಿ. ಅದನ್ನು ಬರೆಯಿರಿ, ಆ ಸಾಲಿಗೆ ನಾನೇ ಕಾಯುತ್ತಿದ್ದೇನೆ.

ಸಣ್ಣ ತಪ್ಪೊಂದಿದೆ: ಚಿಗರಿ ಕೊಂಬು ಉದುರಿಸಲ್ಲ, ಅದು ಕಡವೆ, ಚುಕ್ಕೆ ಜಿಂಕೆಗಳ ಕೆಲಸ. ಕೊನೆಯ ‘ನಾನೂ ಹೀಗೆ ಬೇಟೆಯಾಡಬೇಕು’ ಪ್ಯಾರಾ ತೆಗೆದೇ ತೆಗೆಯುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಜೈಲಿನ ವಿಷಯ, ಈಗ ಕನಿಷ್ಠ 3 ವರ್ಷ. ಅಜ್ಜನ ಕಾಲ ಅಜ್ಜನಿಗೇ ಇರಲಿ.

ತಿದ್ದುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಹೊಲದ ಬದುವಿನಲ್ಲಿ ರೊಟ್ಟಿ ಬುಟ್ಟಿ ಇಟ್ಟು ಸುಮಾರು 370 ಹೆಜ್ಜೆ, ಅಂದರೆ ಆ 300 ಗಜ, ಹಿಂದೆ ಬನ್ನಿ. ಮಧ್ಯಾಹ್ನ ಬೇಡ, ಬಿಸಿಲ ಝಳಕ್ಕೆ ಎಲ್ಲಾ ಕುಣಿಯುತ್ತದೆ. ಬೆಳಿಗ್ಗೆ ಹೋಗಿ, ನೆಲಕ್ಕೆ ಮಲಗಿ ನೋಡಿ, ಕಂಡದ್ದನ್ನು ಬರೆದು ಕಳಿಸಿ.