ಖಾಲಿಯಾದ ಕೋಣೆಗಿಂತ ಮೊದಲು ಮನೆಯಲ್ಲಿ ಉಳಿದ ಮಗುವನ್ನು ನೋಡಿ

ಮಗ ಹಾಸ್ಟೆಲಿಗೆ ಹೊರಟ ಮೇಲೆ ಮನೆಯ ಖಾಲಿತನವನ್ನು ಹೇಗೆ ತುಂಬಿಕೊಳ್ಳುವುದು, ಅವನಿಗೆ ದಿನಕ್ಕೆ ಎಷ್ಟು ಸಲ ಫೋನ್ ಮಾಡಬಹುದು ಎಂದು ಕೇಳಿದ್ದೀರಿ. ಚಿಕ್ಕ ಮಗಳು ಇನ್ನೂ ಒಂಬತ್ತನೆಯ ತರಗತಿಯಲ್ಲಿದ್ದಾಳೆ ಎಂಬುದನ್ನು ಕೊನೆಯ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನನ್ನ ಕಣ್ಣು ನಿಂತದ್ದು ಆ ಕೊನೆಯ ಸಾಲಿನ ಮೇಲೆ. ನನ್ನ ಮಗಳು ದೂರದ ಕಾಲೇಜಿಗೆ ಹೊರಟ ವರ್ಷ ನಾನೂ ನನ್ನ ಹೆಂಡತಿಯೂ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಕುಳಿತಿದ್ದೆವು, ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಮಗ ಆಗ ನಮ್ಮ ಮಾತಿನ ತುದಿಯಲ್ಲಿ ಮಾತ್ರ ಬರುತ್ತಿದ್ದ.

ಅವಳು ಹೋದ ಮೊದಲ ವಾರವೇ ನಾವು ಒಂದು ವ್ಯವಸ್ಥೆ ಮಾಡಿಕೊಂಡೆವು. ರಾತ್ರಿ ಒಂಬತ್ತಕ್ಕೆ ವೀಡಿಯೊ ಕರೆ, ಪ್ರತಿದಿನ, ತಪ್ಪದೆ. ಕೇಳಲು ಇದು ನಿರಪಾಯವಾಗಿಯೇ ಇದೆ, ಬಹಳಷ್ಟು ಮನೆಗಳಲ್ಲಿ ಇದನ್ನು ಪ್ರೀತಿಯ ಲಕ್ಷಣವೆಂದೇ ಭಾವಿಸುತ್ತಾರೆ, ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ಆ ಒಂಬತ್ತು ಗಂಟೆ ನಮ್ಮ ಇಡೀ ಸಂಜೆಯನ್ನು ತನ್ನ ಕಡೆಗೆ ಎಳೆದುಕೊಂಡ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮಗೆ ನಷ್ಟವಾದದ್ದು ಅಲ್ಲಿಯೇ. ಕರೆಗೆ ಮೊದಲೇ ಊಟ ಮುಗಿಯಬೇಕೆಂದು ಊಟದ ಹೊತ್ತು ಹಿಂದಕ್ಕೆ ಸರಿಯಿತು, ಮಗ ಆಟ ಮುಗಿಸಿ ಬರುವಷ್ಟರಲ್ಲಿ ನಮ್ಮದು ಮುಗಿದಿರುತ್ತಿತ್ತು. ಊಟದ ಮೇಜಿನಲ್ಲಿ ನಾವಿಬ್ಬರೂ ಆಡುತ್ತಿದ್ದ ಮಾತೆಂದರೆ ಇವತ್ತು ಅವಳಿಗೆ ಏನು ಹೇಳಬೇಕು, ಏನು ಕೇಳಬೇಕು ಎಂಬುದಷ್ಟೆ. ಕರೆ ಮುಗಿಯುವ ಹೊತ್ತಿಗೆ ಫೋನನ್ನು ಮಗನ ಕೈಗೆ ಕೊಟ್ಟು ‘ಅಕ್ಕನ ಜೊತೆ ಎರಡು ಮಾತಾಡು’ ಎನ್ನುತ್ತಿದ್ದೆವು. ನಾವಿಬ್ಬರೂ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿರುವಾಗ ಹದಿಮೂರು ವರ್ಷದ ಹುಡುಗ ಏನು ಮಾತಾಡಿಯಾನು? ‘ಹೂಂ, ಚೆನ್ನಾಗಿದೀನಿ’ ಎಂದು ಫೋನ್ ವಾಪಸು ಕೊಡುತ್ತಿದ್ದ. ಆಮೇಲೆ ಮಲಗುವವರೆಗೆ ನಮ್ಮ ಚರ್ಚೆ ಒಂದೇ: ಅವಳ ಮುಖ ಬಾಡಿತ್ತೇ, ದನಿ ಕುಗ್ಗಿತ್ತೇ, ನಕ್ಕದ್ದು ನಿಜವಾಗಿ ನಕ್ಕದ್ದೇ.

ಅದರ ಜೊತೆಗೆ ಅವಳ ಕೋಣೆ. ಅವಳು ಬಿಟ್ಟುಹೋದ ಹಾಗೆಯೇ ಅದು ಇರಬೇಕೆಂದು ನಾನು ಹಟ ಹಿಡಿದಿದ್ದೆ. ಕಿಟಕಿಯ ಪಕ್ಕಕ್ಕಿದ್ದ ಅವಳ ಓದುವ ಮೇಜಿಗೆ ಹಗಲೆಲ್ಲ ಒಳ್ಳೆಯ ಬೆಳಕು ಬೀಳುತ್ತಿತ್ತು. ಮಗನ ಮೇಜು ಇದ್ದದ್ದು ಹಾಲಿನ ಮೂಲೆಯಲ್ಲಿ, ಬೀರುವಿನ ನೆರಳಿನಲ್ಲಿ. ಆ ಮೇಜನ್ನು ತಾನು ಬಳಸಲೇ ಎಂದು ಅವನು ಕೇಳಿದಾಗ ‘ಅಕ್ಕ ರಜೆಗೆ ಬಂದರೆ ಅವಳಿಗೆ ಬೇಕಲ್ಲ’ ಎಂದೆ. ಅವನು ಮತ್ತೆ ಕೇಳಲಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನ ಅಂಕಗಳು ಕುಸಿದವು. ಗಣಿತವನ್ನು ಅಕ್ಕ ಹೇಳಿಕೊಡುತ್ತಿದ್ದಳು, ಅವಳಿಲ್ಲದ್ದರಿಂದ ಹೀಗಾಯಿತು ಎಂದು ನಾವು ತೀರ್ಮಾನಿಸಿ ಟ್ಯೂಷನ್ನಿಗೆ ಸೇರಿಸಿದೆವು. ನಿಜವಾದ ಕಾರಣ ತಿಳಿದದ್ದು ಮಗಳಿಂದ, ಅದೂ ಒಂಬತ್ತರ ಕರೆಯಲ್ಲಿ ಅಲ್ಲ. ಒಂದು ಮಧ್ಯಾಹ್ನ ಅವಳು ನನಗೆ ಮಾತ್ರ ಮೆಸೇಜು ಕಳಿಸಿದಳು: ‘ಅಪ್ಪಾ, ಅವನಿಗೆ ಬೋರ್ಡು ಕಾಣಿಸುತ್ತಿಲ್ಲವಂತೆ, ಕಣ್ಣಿನ ಡಾಕ್ಟರಿಗೆ ತೋರಿಸಿ.’ ಶಾಲೆ ಶುರುವಾದಾಗಿನಿಂದಲೂ ಅವನಿಗೆ ದೂರದ ಅಕ್ಷರ ಮಂಜಾಗಿತ್ತು. ಪಕ್ಕದ ಹುಡುಗನ ನೋಟ್ಸು ನೋಡಿ ಬರೆದುಕೊಳ್ಳುತ್ತಿದ್ದ, ಅವನು ಗೈರಾದ ದಿನ ಪುಟ ಖಾಲಿ. ಈ ವಯಸ್ಸಿನಲ್ಲಿ ಸಮೀಪದೃಷ್ಟಿ ಬೇಗ ಹೆಚ್ಚುವುದು ಸಾಮಾನ್ಯ, ಕನ್ನಡಕ ಹಾಕಿದರೆ ಕಾಣಿಸುತ್ತದೆ, ಅವನಿಗೂ ಕಾಣಿಸಿತು. ಸರಿಹೋಗದೆ ಉಳಿದದ್ದು ಬೇರೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ ಅವನು ಸಿಟ್ಟಿಲ್ಲದೆಯೇ ‘ಸಂಜೆ ನೀವು ಅಕ್ಕನ ಫೋನಿಗೆ ಕಾಯ್ತಾ ಇರ್ತೀರಲ್ಲ’ ಎಂದ. ನಮಗೆ ಹೇಳಬೇಕಾದದ್ದನ್ನು ದೂರದ ಅಕ್ಕನಿಗೆ ಹೇಳಿ, ಅವಳ ಮೂಲಕ ನಮಗೆ ತಲುಪಿಸುವುದು ಅವನಿಗೆ ಅಷ್ಟರಲ್ಲಾಗಲೇ ಅಭ್ಯಾಸವಾಗಿತ್ತು. ಆ ಅಭ್ಯಾಸ ಬಿಡಿಸಲು ವರ್ಷಗಳೇ ಹಿಡಿದವು. ಇಂದಿಗೂ ಪೂರ್ತಿ ಬಿಟ್ಟಿದೆ ಎಂದು ಹೇಳಲಾರೆ.

ಹಾಗಾಗಿ ಖಾಲಿತನವನ್ನು ತುಂಬಿಕೊಳ್ಳುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಮನೆ ಖಾಲಿಯಾಗುತ್ತಿಲ್ಲ, ಅದರ ಒಳಗಿನ ಸಂಬಂಧಗಳ ಲೆಕ್ಕ ಬದಲಾಗುತ್ತಿದೆ. ನಾಲ್ಕು ಜನರ ಮನೆಯಲ್ಲಿ ಇಬ್ಬಿಬ್ಬರ ಜೋಡಿಗಳು 6, ಮೂವರ ಮನೆಯಲ್ಲಿ 3. ಹೋಗುವವನು ಒಬ್ಬನೇ, ಆದರೆ ಮನೆಯೊಳಗಿನ ದಿನನಿತ್ಯದ ಮಾತುಕತೆಯ ದಾರಿಗಳಲ್ಲಿ ಅರ್ಧದಷ್ಟು ಒಮ್ಮೆಲೇ ಮುಚ್ಚಿಹೋಗುತ್ತವೆ. ತಂದೆತಾಯಿಗೆ ಪರಸ್ಪರರಾದರೂ ಇರುತ್ತಾರೆ. ಉಳಿದ ಮಗುವಿಗೆ ತನ್ನ ವಯಸ್ಸಿನವರೆಂದು ಮನೆಯಲ್ಲಿ ಯಾರೂ ಉಳಿಯುವುದಿಲ್ಲ, ಜೊತೆಗೆ ಇಬ್ಬರು ದೊಡ್ಡವರ ಬೇಸರವನ್ನು ಅದೊಂದೇ ನೋಡುತ್ತಿರಬೇಕಾಗುತ್ತದೆ.

ಅಮೆರಿಕದ ಪಾಲಿನ್ ಬಾಸ್ ಎಂಬ ವಿದ್ವಾಂಸೆ ಕುಟುಂಬಗಳ ದುಃಖವನ್ನು ಕುರಿತು 1970ರ ದಶಕದಿಂದ ಕೆಲಸ ಮಾಡಿದವರು. ಸ್ಪಷ್ಟವಾದ ಕೊನೆಯಿಲ್ಲದ ಅಗಲಿಕೆ ಎರಡು ಬಗೆಯದು ಎನ್ನುತ್ತಾರೆ: ವ್ಯಕ್ತಿ ಕಣ್ಣೆದುರು ಇಲ್ಲದಿದ್ದರೂ ಮನಸ್ಸಿನ ತುಂಬ ಇರುವುದು ಒಂದು, ಕಣ್ಣೆದುರೇ ಇದ್ದರೂ ಮನಸ್ಸಿನಿಂದ ಅಲ್ಲಿ ಇಲ್ಲದಿರುವುದು ಇನ್ನೊಂದು. ಇದನ್ನು ಓದಿದಾಗ ಮೊದಲನೆಯದು ನನ್ನದೇ ಕಥೆ ಎಂದು ಸಮಾಧಾನವಾಯಿತು. ಎರಡನೆಯದೂ ನಮ್ಮ ಮನೆಯದ್ದೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಮಗಳು ಹೇಗೆ ದೂರವಾಗಿದ್ದಳೋ ಅದಕ್ಕಿಂತ ಹೆಚ್ಚಾಗಿ ನನ್ನ ಮಗನಿಗೆ ನಾನು ದೂರವಾಗಿದ್ದೆ, ಅವನ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಂಡೇ.

ನಿಮ್ಮ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಮನೋವೈದ್ಯರು ಬದುಕಿನ 43 ಬದಲಾವಣೆಗಳಿಗೆ ಒತ್ತಡದ ಅಂಕಗಳನ್ನು ಕೊಟ್ಟರು. ಬಾಳಸಂಗಾತಿಯ ಸಾವಿಗೆ 100, ಮಗ ಅಥವಾ ಮಗಳು ಮನೆ ಬಿಟ್ಟು ಹೋಗುವುದಕ್ಕೆ 29, ಶಾಲೆಯನ್ನೋ ಕಾಲೇಜನ್ನೋ ಆರಂಭಿಸುವುದಕ್ಕೆ ಅಥವಾ ಮುಗಿಸುವುದಕ್ಕೆ 26. ಹೊರಟ ಮಗುವಿನದಕ್ಕಿಂತ ಹೆತ್ತವರ ಅಂಕವೇ ತುಸು ಹೆಚ್ಚು. ವಯಸ್ಕರಿಗಾಗಿ ಮಾಡಿದ ಆ ಪಟ್ಟಿಯಲ್ಲಿ ಅಕ್ಕನೋ ಅಣ್ಣನೋ ಹೊರಟುಹೋಗುವುದಕ್ಕೆ ಒಂದು ಸಾಲೂ ಇಲ್ಲ. ನಾವು ಮನೆಯಲ್ಲಿ ಹಾಕಿಕೊಂಡಿದ್ದ ಲೆಕ್ಕವೂ ಹಾಗೆಯೇ ಇತ್ತು.

ನೀವು ಈಗಲೇ, ಮಗ ಹೊರಡುವ ಮೊದಲೇ, ಮಾಡಬೇಕಾದ ಕೆಲಸವೊಂದಿದೆ. ತಂಗಿಯ ಬದುಕಿನಲ್ಲಿ ಅವನು ಸದ್ದಿಲ್ಲದೆ ಏನೇನು ಮಾಡುತ್ತಿದ್ದಾನೆ ಎಂಬುದನ್ನು ಅವರಿಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಿ. ನಮ್ಮ ಮನೆಯಲ್ಲಿ ಮಗನನ್ನು ಬೆಳಗ್ಗೆ ಎಬ್ಬಿಸುತ್ತಿದ್ದವಳು ಅಕ್ಕ, ನನ್ನ ಸಿಟ್ಟಿನಿಂದ ಅವನನ್ನು ಕಾಪಾಡುತ್ತಿದ್ದವಳು ಅವಳು, ಶಾಲೆಯಲ್ಲಿ ಆದದ್ದನ್ನು ಮೊದಲು ಕೇಳುತ್ತಿದ್ದವಳೂ ಅವಳೇ. ನಮಗೆ ಗೊತ್ತಿದ್ದದ್ದು ಗಣಿತವೊಂದೇ. ಅದಕ್ಕೆ ಟ್ಯೂಷನ್ ಹುಡುಕಿದೆವು, ಉಳಿದವುಗಳನ್ನು ಹೊರುವವರು ಯಾರು ಎಂಬ ಪ್ರಶ್ನೆ ನಮಗೆ ಹುಟ್ಟಲೇ ಇಲ್ಲ.

ಹೊಸ ಹವ್ಯಾಸ ಬೆಳೆಸಿಕೊಳ್ಳಿ, ಸಂಗೀತಕ್ಕೆ ಸೇರಿ ಎಂದು ಇಲ್ಲಿ ಹಲವರು ಹೇಳುತ್ತಾರೆ. ಒಬ್ಬ ಮಗಳನ್ನು ಮನೆಯಲ್ಲಿ ಇಟ್ಟುಕೊಂಡು ಈ ವರ್ಷವೇ ಸಂಜೆಗಳನ್ನು ಹೊರಗೆ ಕಳೆಯುವುದು ನನಗೆ ಸರಿಕಾಣುವುದಿಲ್ಲ, ಅದು ಅವಳೂ ಹೊರಟ ಮೇಲೆ ಇರಲಿ. ಆದರೆ ನಿದ್ದೆ ಕೆಟ್ಟು, ಹಸಿವು ಸತ್ತು, ಯಾವುದರಲ್ಲೂ ಮನಸ್ಸಿಲ್ಲದ ಸ್ಥಿತಿ ಎರಡು ವಾರ ದಾಟಿಯೂ ಹಾಗೆಯೇ ಉಳಿದರೆ ಅದನ್ನು ಮಗನ ನೆನಪೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ.

ಫೋನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಒಂಬತ್ತರ ಕರೆ ಮಗಳಿಗೂ ಒಳ್ಳೆಯದನ್ನು ಮಾಡಲಿಲ್ಲ. ಹಾಸ್ಟೆಲಿನಲ್ಲಿ ಹುಡುಗಿಯರೆಲ್ಲ ಒಂದು ಕೋಣೆಯಲ್ಲಿ ಸೇರಿ ಹರಟುತ್ತಿದ್ದದ್ದು ಅದೇ ಹೊತ್ತಿಗೆ. ಗೆಳೆತನ ಕೂಡಿಬರುವ ಆ ಮೊದಲ ವಾರಗಳಲ್ಲಿ ಇವಳು ವರಾಂಡದ ತುದಿಯಲ್ಲಿ ಫೋನ್ ಹಿಡಿದು ನಿಂತು, ಎಲ್ಲ ಚೆನ್ನಾಗಿದೆ ಎಂದು ನಮಗೆ ಹೇಳುತ್ತಿದ್ದಳಂತೆ. ಮಾತು ಕಡಿಮೆಯಾದರೆ ಮಗು ದೂರವಾಗಿಬಿಡುತ್ತದೆ ಎಂಬ ಭಯ ನಿಮಗಿದ್ದರೆ, ಶಾಲೆ ಮುಗಿಸಿ ಹೊರಟ ಯುವಜನರನ್ನು 18 ತಿಂಗಳು ಗಮನಿಸಿ ಸ್ಯಾಮ್ ರಾಬರ್ಟ್ಸ್ ಮತ್ತು ರಾಬಿನ್ ಡನ್ಬಾರ್ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಡಿ: ಸಂಪರ್ಕ ಕಡಿಮೆಯಾದಾಗ ಸಡಿಲವಾದದ್ದು ಗೆಳೆಯರ ನಂಟು, ಮನೆಯವರ ನಂಟು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಆದ್ದರಿಂದ ದಿನಕ್ಕೆ ಎಷ್ಟು ಸಲ ಎಂಬುದಕ್ಕೆ ನನ್ನ ಉತ್ತರ, ನಿಮ್ಮ ಕಡೆಯಿಂದ ವಾರಕ್ಕೆ ಒಂದೇ ಸಲ, ಆ ದಿನವನ್ನೂ ಹೊತ್ತನ್ನೂ ಮಗನೇ ಹೇಳಲಿ. ನಡುವೆ ಅವನಾಗಿ ಮಾಡಿದರೆ ಸಂತೋಷದಿಂದ ಮಾತಾಡಿ, ಮಾಡದಿದ್ದರೆ ‘ಯಾಕೆ ಮಾಡಲಿಲ್ಲ’ ಎಂದು ಮಾತು ಶುರುಮಾಡಬೇಡಿ. ತಂಗಿ ಅಣ್ಣನ ಜೊತೆ ತನ್ನ ಪಾಡಿಗೆ, ತನಗೆ ಬೇಕಾದಾಗ ಮಾತಾಡಲಿ. ಆ ಹೊತ್ತಿಗೆ ನೀವು ಕೋಣೆಯಿಂದ ಎದ್ದು ಹೊರಗೆ ಬನ್ನಿ, ಏನು ಮಾತಾಡಿದೆ ಎಂದು ಆಮೇಲೆಯೂ ಕೇಳಬೇಡಿ.