ತೊಗರಿಬೇಳೆ ಬಿಡಿಸಿದ್ದರು, ಡಾಂಬರ ಗುಳಿಗೆ ಟ್ರಂಕಿನಲ್ಲೇ ಇತ್ತು

ಇದು ಕಲಬುರಗಿ ಜಿಲ್ಲೆಯ ಒಂದು ಮನೆಯ ಪ್ರಕರಣ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಕೆಯನ್ನು ಇಲ್ಲಿ ಮಹಾದೇವಿ ಅಂತ ಕರೆಯುತ್ತೇನೆ. ಬರೆಯೋಕೆ ಆಕೆಯೇ ಒಪ್ಪಿಗೆ ಕೊಟ್ಟಳು. "ನನ್ನಂಗ ಇನ್ನೊಬ್ಬಾಕಿ ಅಳಬಾರ್ದರಿ ಮೇಡಂ" ಅಂದಳು.

ಮಹಾದೇವಿಗೆ 27 ವರ್ಷ. ಗಂಡ ಆಕೆಯ ಸೋದರಮಾವನೇ, ತಾಯಿಯ ಸ್ವಂತ ತಮ್ಮ. ಹಾಗಾಗಿ ಅತ್ತೆ ಅಂದರೆ ಆಕೆಗೆ ಅಜ್ಜಿ. ನಮ್ಮ ಕಡೆ ಇದು ಹೊಸದೇನಲ್ಲ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ನನ್ನ ಹತ್ತಿರ ಬಂದಾಗ ಆಕೆಗೆ ಮತ್ತೆ ಮೂರು ತಿಂಗಳು.

ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಗೆ ಹೊರಡೋಕೆ ಅಂತ ಟ್ರಂಕಿನಿಂದ ಬಟ್ಟೆ ತೆಗೆದಿದ್ದಾರೆ. ಹುಡುಗ ಬಟ್ಟೆ ನಡುವೆ ಇದ್ದ ಡಾಂಬರ ಗುಳಿಗೆಯನ್ನು ಪೆಪ್ಪರಮೆಂಟ್ ಅಂದುಕೊಂಡು ಬಾಯಿಗೆ ಹಾಕಿಕೊಂಡಿದ್ದಾನೆ. ತಾಯಿ ನೋಡಿ, ತೆಗೆದು ಎಸೆದು, ಬಾಯಿ ತೊಳೆಸಿದಳು. ಅಲ್ಲಿಗೆ ಮುಗೀತು ಅಂದುಕೊಂಡಳು. ಎರಡು ದಿನ ಬಿಟ್ಟು ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು, ಕಣ್ಣು ಹಳದಿ, ಎದ್ದು ನಿಲ್ಲೋಕೂ ಆಗದಷ್ಟು ಸುಸ್ತು. ಆಸ್ಪತ್ರೆಯಲ್ಲಿ ರಕ್ತ ಏರಿಸಿ ಉಳಿಸಿಕೊಂಡರು. ಮೂರು ತಿಂಗಳ ನಂತರ ಮಾಡಿಸಿದ ಪರೀಕ್ಷೆಯಲ್ಲಿ ಜಿ6ಪಿಡಿ ಕೊರತೆ ಅಂತ ಬಂತು, ಅಂದರೆ ರಕ್ತಕಣಗಳನ್ನು ಕಾಯುವ ಒಂದು ಕಿಣ್ವದ ಕೊರತೆ. ಇದು ವಂಶವಾಹಿಯಿಂದ ಬರೋದು, ಗಂಡುಮಗುವಿಗೆ ತಾಯಿಯಿಂದಲೇ ಬರುತ್ತದೆ ಅಂತ ಡಾಕ್ಟರ್ ಹೇಳಿದ್ದೇ ತಡ, ಮನೆಯಲ್ಲಿ ಬೇರೆಯದೇ ಶುರುವಾಯಿತು.

"ಇಕಿ ಅಪ್ಪನ ಮನಿ ರಕ್ತಾನೇ ಕೆಟ್ಟದ್ದು ಅಂತಾಳ್ರಿ ಅಜ್ಜಿ. ಇವರು ಸರೀಗಿ ಮಾತೇ ಆಡವಲ್ರು. ಹೊಟ್ಟ್ಯಾಗಿಂದು ಗಂಡಾದ್ರ ತೆಗಸೂಣು ಅಂತಾರ. ಗುಳಿಗಿ ಇಟ್ಟಾಕೀನೂ ನಾನೇ, ರೋಗ ಕೊಟ್ಟಾಕೀನೂ ನಾನೇ."

ಪರ್ಸಿನಿಂದ ಒಂದು ಕ್ಯಾಲೆಂಡರ್ ಹಾಳೆ ತೆಗೆದಳು. ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ಪಟ್ಟಿ: ತೊಗರಿ, ಕಡಲೆ, ಹೆಸರು, ಅಲಸಂದಿ, ಅವರೆ, ಶೇಂಗಾ. ಎಲ್ಲದಕ್ಕೂ ಅಡ್ಡಗೆರೆ. ಮೊಬೈಲಿಗೆ ಯಾರೋ ಕಳಿಸಿದ ವಿಡಿಯೋ ನೋಡಿ ಮೈದುನ ಬರೆದುಕೊಟ್ಟಿದ್ದಂತೆ. ಹುಡುಗನಿಗೆ ವಾರಗಟ್ಟಲೆ ಬರೀ ಅನ್ನ, ಹಾಲು, ಸಪ್ಪೆ ರೊಟ್ಟಿ. 2019ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕ ತೊಗರಿ ಬೆಳೆಯೋ ಜಿಲ್ಲೆಯಲ್ಲಿ, ರಕ್ತ ಕಳೆದುಕೊಂಡು ಎದ್ದ ಮಗುವಿಗೆ ಬೇಳೆ ಇಲ್ಲ! ಟ್ರಂಕಿನ ಗುಳಿಗೆ ಏನಾಯ್ತು ಅಂತ ಕೇಳಿದೆ. ಹಾಗೇ ಇವೆಯಂತೆ, ಬೀಗ ಮಾತ್ರ ಹಾಕಿದ್ದಾರಂತೆ. ಅವತ್ತೇ ಹೊರಗೆ ಎಸೆಯೋಕೆ ಹೇಳಿದೆ. ಬಟ್ಟೆಗಳನ್ನೆಲ್ಲ ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಮಾತ್ರ ಬಳಸಬೇಕು. ಆ ಹೊಗೆಯಂಥ ವಾಸನೆ ಉಸಿರಿಗೆ ಹೋದರೂ ಇಂಥ ಮಕ್ಕಳಿಗೆ ಅಪಾಯ, ಅದರಲ್ಲೂ ಹಸುಗೂಸಿಗೆ.

ಬೇಳೆ ವಿಷಯ ಇಷ್ಟೇ. ರಕ್ತ ಒಡೆಸೋದು ಫಾವಾ ಬೀನ್ಸ್ ಅನ್ನೋ ಒಂದು ಕಾಳು, ಉತ್ತರದಲ್ಲಿ ಬಾಕ್ಲಾ ಅಂತಾರೆ. ಅದರಲ್ಲಿರುವ ವೈಸಿನ್, ಕಾನ್‌ವೈಸಿನ್ ಅನ್ನೋ ಅಂಶಗಳೇ ಕಾರಣ. ನಮ್ಮ ತೊಗರಿ, ಕಡಲೆ, ಹೆಸರು, ಅವರೆ ಆ ಕಾಳಲ್ಲ. ಅವತ್ತು ರಾತ್ರಿಯಿಂದಲೇ ಬೇಳೆ ಶುರು ಮಾಡು ಅಂದೆ.

ಆಮೇಲೆ ಕಾಯಿಲೆ ಏನು ಅಂತ ಬಿಡಿಸಿ ಹೇಳಿದೆ, ಯಾಕಂದರೆ ಅರ್ಥವಾಗದ ಕಡೆಯೇ ದೂಷಣೆ ಜಾಸ್ತಿ ಬೆಳೆಯುತ್ತದೆ. ಆಮ್ಲಜನಕ ಬಳಸುವ ಪ್ರತಿ ಜೀವಕೋಶದಲ್ಲೂ ಪೆರಾಕ್ಸೈಡ್‌ನಂಥ ವಸ್ತುಗಳು ಹುಟ್ಟುತ್ತಲೇ ಇರುತ್ತವೆ. ಅವು ಮಿತಿ ಮೀರಿದರೆ ಜೀವಕೋಶ ಒತ್ತಡಕ್ಕೆ ಸಿಗುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಒಳಗಿನಿಂದ ಹಾಳಾಗುತ್ತದೆ. ಇದನ್ನು ತಡೆಯೋಕೆ ಗ್ಲೂಟಾಥಯೋನ್ ಅನ್ನೋ ವಸ್ತು ಇದೆ. ಅದು ಕೆಲಸಕ್ಕೆ ಸಿದ್ಧವಾಗಿರಬೇಕಾದರೆ ಜಿ6ಪಿಡಿ ಅನ್ನೋ ಕಿಣ್ವ ಬೇಕು. ಬೇರೆ ಜೀವಕೋಶಗಳಿಗೆ ಪರ್ಯಾಯ ದಾರಿಗಳಿವೆ. ಕೆಂಪು ರಕ್ತಕಣಕ್ಕೆ ಇಲ್ಲ, ಇದೊಂದೇ ದಾರಿ. ಅದಕ್ಕೇ ಕೊರತೆ ಇರುವವರಿಗೆ ಡಾಂಬರ ಗುಳಿಗೆಯ ನ್ಯಾಫ್ತಲೀನೋ, ಕೆಲವು ಮಾತ್ರೆಯೋ, ಜೋರು ಸೋಂಕೋ ಬಂದಾಗ ರಕ್ತಕಣಗಳು ಒಡೆಯುತ್ತವೆ. ಉಳಿದ ದಿನಗಳಲ್ಲಿ ಹೆಚ್ಚಿನವರಿಗೆ ಏನೂ ಆಗೋದಿಲ್ಲ. ಎಷ್ಟೋ ಜನ ಗೊತ್ತಿಲ್ಲದೇ ಮುದುಕರಾಗುವವರೆಗೂ ಚೆನ್ನಾಗಿ ಬದುಕುತ್ತಾರೆ. ಲೋಕದಲ್ಲಿ ಸುಮಾರು 40 ಕೋಟಿ ಜನರಿಗೆ ಇದು ಇದೆ ಅನ್ನೋ ಅಂದಾಜಿದೆ.

ಮೊದಲು ಪತ್ತೆಯಾಗಿದ್ದೂ ಮಾತ್ರೆಯಿಂದಲೇ. ಪ್ರಿಮಾಕ್ವಿನ್ ಅನ್ನೋ ಮಲೇರಿಯಾ ಮಾತ್ರೆ ಕೊಟ್ಟಾಗ ಕೆಲವರ ರಕ್ತ ಮಾತ್ರ ಯಾಕೆ ಒಡೆಯುತ್ತದೆ ಅಂತ ಅಮೆರಿಕದ ಇಲಿನಾಯ್ಸ್‌ನ ಜೈಲಿನ ಕೈದಿಗಳಲ್ಲಿ ನೋಡಿದರು, 1956ರಲ್ಲಿ ಈ ಕಿಣ್ವದ ಕೊರತೆ ಅಂತ ಗೊತ್ತಾಯಿತು. ಒತ್ತಡ ತಂದ ವಸ್ತು, ಸೋತ ಕಣ, ಹಿಂದಿರುವ ವಂಶವಾಹಿ, ಈ ಮೂರೂ ಒಟ್ಟಿಗೆ ಸಿಕ್ಕಿದ್ದು ಹಾಗೆ. ಮಲೇರಿಯಾ ಜಾಸ್ತಿ ಇದ್ದ ನಾಡುಗಳಲ್ಲೇ ಈ ಕೊರತೆಯೂ ಜಾಸ್ತಿ, ಯಾಕಂದರೆ ತೀವ್ರ ಮಲೇರಿಯಾದಿಂದ ಇದು ಒಂದಿಷ್ಟು ರಕ್ಷಣೆ ಕೊಡುತ್ತದೆ. ಮಹಾದೇವಿಗೆ ಈ ಮಾತು ಎರಡು ಸಲ ಹೇಳಿಸಿಕೊಳ್ಳಬೇಕು ಅನ್ನಿಸಿತು. "ಹಂಗಾರ ಕೆಟ್ಟ ರಕ್ತ ಅಲ್ಲೇನ್ರಿ?" ಅಲ್ಲ ತಂಗಿ, ಕೆಟ್ಟ ರಕ್ತ ಅಂತ ಒಂದು ಇಲ್ಲ.

ಮುಂದಿನ ಸಲ ಗಂಡ, ಅಜ್ಜಿ ಇಬ್ಬರನ್ನೂ ಕರೆಸಿದೆ. ಒಳಗೆ ಬಂದ ಕೂಡಲೇ ಅಜ್ಜಿಯದು ಒಂದೇ ಪ್ರಶ್ನೆ, ಒಳಗ-ಒಳಗ ಲಗ್ನ ಮಾಡಿದ್ದಕ್ಕ ಹಿಂಗಾಯ್ತೇನು ಅಂತ. ಈ ಕಾಯಿಲೆಗೆ ಅದು ಕಾರಣ ಅಲ್ಲ. ಇದರ ವಂಶವಾಹಿ ಎಕ್ಸ್ ಅನ್ನೋ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆ) ಮೇಲಿದೆ, ಗಂಡುಮಗುವಿಗೆ ಎಕ್ಸ್ ಬರೋದು ತಾಯಿಯಿಂದ ಮಾತ್ರ. ಮಹಾದೇವಿ ದೂರದವನನ್ನು ಮದುವೆಯಾಗಿದ್ದರೂ ಈ ಮಗನಿಗೆ ಇದೇ ಆಗಬಹುದಿತ್ತು. ರಕ್ತಸಂಬಂಧದ ಮದುವೆಯಿಂದ ಬೇರೆ ಕೆಲವು ಕಾಯಿಲೆಗಳ ಅಪಾಯ ಹೆಚ್ಚುತ್ತದೆ, ಅದನ್ನೂ ಮುಚ್ಚಿಡದೆ ಹೇಳಿದೆ. ತಲಸ್ಸೀಮಿಯಾ ಅನ್ನೋ, ವಂಶವಾಹಿಯಿಂದಲೇ ಬರುವ ಇನ್ನೊಂದು ರಕ್ತದ ಕಾಯಿಲೆಯ ಪರೀಕ್ಷೆ ಮಾಡಿಸಿ ಅಂತಲೂ ಹೇಳಿದೆ.

ಮಹಾದೇವಿಯ ಎರಡು ಎಕ್ಸ್‌ಗಳಲ್ಲಿ ಒಂದು ಅಪ್ಪನದು, ಇನ್ನೊಂದು ಅವ್ವನದು. ಬದಲಾದ ವಂಶವಾಹಿ ಅಪ್ಪನ ಕಡೆಯಿಂದಲೂ ಬಂದಿರಬಹುದು, ಅವ್ವನ ಮೂಲಕ ಇದೇ ಅಜ್ಜಿಯಿಂದಲೋ ಅಜ್ಜನಿಂದಲೋ ಬಂದಿರಬಹುದು. ಇದನ್ನು ಹೇಳುವಾಗ ತುಂಬಾ ನಿಧಾನವಾಗಿ ಹೇಳಿದೆ. ಸೊಸೆ ಮೇಲಿದ್ದ ದೂಷಣೆಯನ್ನು ಎತ್ತಿ ಮುದುಕಿಯ ತಲೆಗೆ ಹೊರಿಸೋದು ನನಗೆ ಬೇಕಿರಲಿಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಟ್ಟಿದ ವಾರದೊಳಗೆ ಮೈಯೆಲ್ಲ ಹಳದಿಯಾಗಿ ಹೋದ ತನ್ನ ಗಂಡುಕೂಸಿನ ಬಗ್ಗೆ ಹೇಳಿದರು. ಅದಕ್ಕೂ ಇದೇ ಕಾರಣ ಅಂತ ಈಗ ಯಾರೂ ಹೇಳೋಕಾಗಲ್ಲ ಅಂದೆ. ಹಸುಗೂಸಿಗೆ ಕಾಮಾಲೆಯಾಗೋಕೆ ಕಾರಣಗಳು ಬೇಕಾದಷ್ಟಿವೆ. "ಪಾಪ, ನನಗೂ ಎಲ್ಲಾರೂ ಅಂದಿದ್ರವ್ವಾ ಆಗ" ಅಂತ ಮೊಮ್ಮಗಳ ಕಡೆ ತಿರುಗಿದರು. ಆ ಮಾತಿನಿಂದ ಆದಷ್ಟು ಕೆಲಸ ನನ್ನ ವಿವರಣೆಯಿಂದ ಆಗಲಿಲ್ಲ ಅಂತಲೇ ನನ್ನ ನಂಬಿಕೆ.

ಹೊಟ್ಟೆಯಲ್ಲಿರುವ ಮಗುವಿನ ವಿಷಯದಲ್ಲಿ ಗಂಡನಿಗೆ ನೇರವಾಗಿಯೇ ಹೇಳಿದೆ. ಗಂಡೋ ಹೆಣ್ಣೋ ಅಂತ ನೋಡಿಸೋದು 1994ರ ಕಾಯ್ದೆ ಪ್ರಕಾರ ಅಪರಾಧ. ಗರ್ಭ ಇಟ್ಟುಕೊಳ್ಳೋದು ಬಿಡೋದು ಮಹಾದೇವಿಯ ನಿರ್ಧಾರ, ಕಾನೂನು ಕೇಳೋದು ಆಕೆಯ ಒಪ್ಪಿಗೆಯನ್ನು ಮಾತ್ರ. ಗಂಡುಮಗುವಾದರೆ ಕೊರತೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದರೂ ಅದು ಓದಿ, ಆಡಿ, ದುಡಿದು ಬದುಕುವ ಮಗುವೇ. ಆತ ತಲೆ ತಗ್ಗಿಸಿ ಕೇಳಿಸಿಕೊಂಡ. ಆಕೆ ಅಲ್ಲೇ, ಎಲ್ಲರ ಎದುರಿಗೇ, "ನನಗ ಈ ಕೂಸು ಬೇಕು" ಅಂದಳು.

ಉಳಿದ ಸಲಹೆಗಳನ್ನು ಬರೆದುಕೊಟ್ಟೆ. ಹುಡುಗನ ಹೆಸರಲ್ಲಿ ಒಂದು ಕಾರ್ಡು, ಅದರಲ್ಲಿ ಜಿ6ಪಿಡಿ ಕೊರತೆ ಅಂತ ದೊಡ್ಡದಾಗಿ. ಯಾವ ಡಾಕ್ಟರ್ ಹತ್ತಿರ ಹೋದರೂ, ಔಷಧಿ ಅಂಗಡಿಗೆ ಹೋದರೂ ಮೊದಲು ಅದನ್ನು ತೋರಿಸಬೇಕು. ಪ್ರಿಮಾಕ್ವಿನ್, ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫ್ಯೂರಾಂಟಾಯಿನ್ ಅವನಿಗೆ ಸಲ್ಲದು. ಜ್ವರಕ್ಕೆ ಸರಿಯಾದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಕೊಡಬಹುದು. ಲಸಿಕೆ ಯಾವುದನ್ನೂ ತಪ್ಪಿಸಬೇಡಿ. ಜ್ವರ, ಕೆಮ್ಮು, ಭೇದಿ ಬಂದರೆ ತಡ ಮಾಡದೆ ತೋರಿಸಿ, ಸೋಂಕೇ ರಕ್ತ ಒಡೆಸಬಲ್ಲದು. ಮೂತ್ರದ ಬಣ್ಣ ಕಪ್ಪಾದರೆ ಆ ಹೊತ್ತೇ ಆಸ್ಪತ್ರೆಗೆ. ಗೋರಂಟಿಯೂ ಬೇಡ, ಇಂಥ ಕೂಸುಗಳಿಗೆ ಮೈಗೆ ಹಚ್ಚಿ ರಕ್ತ ಒಡೆದ ಉದಾಹರಣೆಗಳಿವೆ.

ಒಂದು ಮುಖ್ಯ ಮಾತು. ರಕ್ತ ಒಡೆದ ಹೊತ್ತಿನಲ್ಲೇ ಪರೀಕ್ಷೆ ಮಾಡಿದರೆ ಕೆಲವು ಸಲ ಎಲ್ಲ ಸರಿ ಇದೆ ಅಂತ ಬರುತ್ತದೆ. ಹಳೆಯ ಕಣಗಳು ಒಡೆದು ಹೋಗಿ, ಕಿಣ್ವ ಹೆಚ್ಚಿರುವ ಹೊಸ ಕಣಗಳೇ ಉಳಿದಿರುತ್ತವೆ. ಇನ್ನೊಬ್ಬರ ರಕ್ತ ಏರಿಸಿದ್ದರಂತೂ ಕೇಳಲೇಬೇಡಿ. ಅದಕ್ಕೇ ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ಈ ಹುಡುಗನಿಗೆ ಹಾಗೆ ಮಾಡಿಸಿದ್ದಕ್ಕೇ ಗೊತ್ತಾಯಿತು.

ಮಹಾದೇವಿಯ ತಮ್ಮನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಗಳು ವಾಹಕಿ (ಬದಲಾದ ವಂಶವಾಹಿಯನ್ನು ಒಂದು ಎಕ್ಸ್‌ನಲ್ಲಿ ಹೊತ್ತವಳು) ಆಗಿರಬಹುದು, ಆಕೆಗೂ ಡಾಕ್ಟರ್ ಹತ್ತಿರ ವಿಷಯ ಹೇಳಿಯೇ ಔಷಧಿ ಕೊಡಿಸಿ. ಹೆರಿಗೆ ಎಲ್ಲಿ ಅಂತ ನಿಕ್ಕಿಯಾದ ಕೂಡಲೇ ಅಲ್ಲಿನ ಡಾಕ್ಟರಿಗೆ ಈ ಪತ್ರ ತೋರಿಸಿ, ತಾಯಿ ಕಾರ್ಡಿನ ಜೊತೆಗೇ ಪಿನ್ ಮಾಡಿಡಿ. ಕೂಸು ಹುಟ್ಟಿದ ಮೊದಲ ವಾರ ದಿನಾ ಬೆಳಕಿನಲ್ಲಿ ಹಿಡಿದು ಕಣ್ಣು, ಮೈ ಬಣ್ಣ ನೋಡಿ. ಹಳದಿ ಕಂಡರೆ ಬಿಸಿಲಿಗೆ ಹಿಡಿದು ಕಾಯುತ್ತಾ ಕೂರಬೇಡಿ, ಅವತ್ತೇ ಕರೆದುಕೊಂಡು ಹೋಗಿ.