ನಿಮ್ಮ ಪ್ರಶ್ನೆ: ಸರ್ಕಾರಿ ಸೈಬರ್ ಇಂಜಿನಿಯರ್ ಮಾಡುವ ಕೆಲಸವೇನು?

(ಉತ್ತರಿಸುವವರು: ಸರ್ಕಾರಿ ಸರ್ವರ್‌ಗಳ ಭದ್ರತೆ ನೋಡಿಕೊಂಡು ನಿವೃತ್ತರಾದ ಇಂಜಿನಿಯರ್)

ಪ್ರಶ್ನೆ: ಮೇಡಂ, ನಾನು ಕಂಪ್ಯೂಟರ್ ಸೈನ್ಸ್ ಕೊನೇ ವರ್ಷದಲ್ಲಿದ್ದೇನೆ. ಕೇಂದ್ರ ಸರ್ಕಾರದಲ್ಲಿ ಸೈಬರ್ ಭದ್ರತೆಯ ಇಂಜಿನಿಯರ್ ಆಗುವ ಆಸೆ. ಗೆಳತಿಯರು ‘ದಿನಾ ಹ್ಯಾಕರ್‌ಗಳ ಜೊತೆ ಗುದ್ದಾಟ’ ಅನ್ನುತ್ತಾರೆ. ಅಪ್ಪ ‘ಬರೀ ಫೈಲ್ ತಳ್ಳೋ ಕೆಲಸ’ ಅನ್ನುತ್ತಾರೆ. ಯಾರ ಮಾತು ನಿಜ?

ಉತ್ತರ: ಬೇಜಾರು ಮಾಡ್ಕೋಬೇಡಿ, ನಿಮ್ಮ ಅಪ್ಪನ ಮಾತೇ ಜಾಸ್ತಿ ನಿಜ. ಆದರೆ ಆ ಫೈಲ್‌ನಲ್ಲಿ ಏನಿರುತ್ತದೆ ಅಂತ ಅವರಿಗೆ ಗೊತ್ತಿದ್ದಂತಿಲ್ಲ.

2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಅನ್ನುವ, ಅಪ್ಲಿಕೇಶನ್‌ನಲ್ಲಿ ನಡೆದದ್ದನ್ನು ದಾಖಲಿಸುವ ಸಿದ್ಧ ಕೋಡ್‌ನಲ್ಲಿ ದೊಡ್ಡ ದೋಷ ಬಯಲಾಯಿತು. ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಅದನ್ನು ಸರಿಪಡಿಸುವ ಪ್ಯಾಚ್ ಬೇಗನೇ ಬಂತು. ಕಷ್ಟವಿದ್ದದ್ದು ಆ ಕೋಡ್ ಯಾವ ಯಾವ ಸರ್ವರ್‌ನಲ್ಲಿ ಕೂತಿದೆ ಅಂತ ಹುಡುಕುವುದರಲ್ಲಿ. ಜಾವಾದಲ್ಲಿ ಬರೆದ ಎಷ್ಟೋ ಅಪ್ಲಿಕೇಶನ್‌ಗಳ ಒಳಗೆ ಅದು ಸೇರಿಕೊಂಡಿತ್ತು. ಬರೆದುಕೊಟ್ಟ ಗುತ್ತಿಗೆದಾರರು ಯಾವತ್ತೋ ಜಾಗ ಖಾಲಿ ಮಾಡಿರುತ್ತಾರೆ. ಸೈಟ್ ನಿಲ್ಲಿಸಬೇಕು ಅಂತ ಇಲಾಖೆಗೆ ಫೋನ್ ಮಾಡಿದರೆ ‘ಅರ್ಜಿ ಹಾಕೋಕೆ ನಾಳೆಯೇ ಕೊನೇ ದಿನ, ಈಗ ಆಗಲ್ಲ’ ಅನ್ನುತ್ತಾರೆ. ಅವರು ಹೇಳುವುದೂ ಸರಿಯೇ ಅಲ್ವಾ? ಅವರನ್ನು ಒಪ್ಪಿಸಿ, ರಾತ್ರಿ ಸೈಟ್ ಇಳಿಸಿ, ಸರಿಮಾಡಿ, ಬೆಳಗಾಗುವಷ್ಟರಲ್ಲಿ ಮತ್ತೆ ಏರಿಸಬೇಕು. ನಮ್ಮ ಕೆಲಸ ಅಂದರೆ ಬಹುಪಾಲು ಇದೇ.

ಇನ್ನೊಂದು ಪಾಲು ಲಾಗ್, ಅಂದರೆ ಯಾವ ಹೊತ್ತಿಗೆ ಏನಾಯಿತು ಅಂತ ಯಂತ್ರಗಳು ಬರೆದಿಡುವ ದಾಖಲೆ, ಓದುವುದು. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತನಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಎಲ್ಲ ಯಂತ್ರಗಳ ಗಡಿಯಾರ ಒಂದಕ್ಕೊಂದು ಹೊಂದಬೇಕು. ಕೊನೆಯದನ್ನು ಓದಿ ಹೊಸ ಹುಡುಗರು ನಗುತ್ತಾರೆ. ಒಂದು ಸಲ ಲಾಗ್ ಮುಂದೆ ಕೂತರೆ ನಗು ನಿಲ್ಲುತ್ತದೆ. ಹೊರಗಿನಿಂದ ಬರುವುದನ್ನು ತಡೆದು ನೋಡುವ ಫೈರ್‌ವಾಲ್‌ನಲ್ಲಿ 21:40 ಅಂತಿರುತ್ತದೆ, ವೆಬ್ ಸರ್ವರ್‌ನಲ್ಲಿ 03:12. ಮೊದಲನೆಯದು ಯುಟಿಸಿ ಅನ್ನುವ ಜಾಗತಿಕ ಕಾಲಮಾನ, ಎರಡನೆಯದು ನಮ್ಮ ಕಾಲಮಾನ. ಐದೂವರೆ ಗಂಟೆ ಕೂಡಿಸಿದರೆ ನಡುವೆ ಇರುವುದು ಎರಡೇ ನಿಮಿಷ. ಇಷ್ಟಾದರೆ ಪರವಾಗಿಲ್ಲ. ಡೇಟಾಬೇಸ್ ಯಂತ್ರದ ಗಡಿಯಾರ ಸುಮ್ನೆ ಏಳು ನಿಮಿಷ ಹಿಂದಿದ್ದು, ಅದು ಯಾರಿಗೂ ಗೊತ್ತಿಲ್ಲದಿದ್ದರೆ? ಕಳ್ಳ ಬಾಗಿಲು ಮುರಿಯುವ ಮೊದಲೇ ಮಾಲು ಹೋದಂತೆ ಕಾಣುತ್ತದೆ. ಆಗ ಒಳಗಿನವರ ಮೇಲೇ ಅನುಮಾನ ಬರುತ್ತದೆ. ಪಾಪ, ಯಾರೋ ಆಪರೇಟರ್ ವಿನಾಕಾರಣ ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ.

ಪ್ರಶ್ನೆ: ಸೇರುವ ದಾರಿ, ಸಂಬಳ, ಬಡ್ತಿ ಹೇಗೆ? ಯಾವ ಸರ್ಟಿಫಿಕೇಟ್ ಕೋರ್ಸ್ ಮಾಡಿದರೆ ಒಳ್ಳೆಯದು?

ಉತ್ತರ: ಸರ್ಕಾರದ ವೆಬ್‌ಸೈಟ್, ಸರ್ವರ್ ನೋಡಿಕೊಳ್ಳುವ ಎನ್‌ಐಸಿಯಂಥ ಕಡೆ ಸೈಂಟಿಸ್ಟ್-ಬಿ ಅನ್ನುವ ಆರಂಭಿಕ ವಿಜ್ಞಾನಿ ಹುದ್ದೆಗೆ ಸೇರುತ್ತಾರೆ. ವೇತನ ಲೆವೆಲ್ 10, ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನ 56,100 ರೂಪಾಯಿಯಿಂದ ಶುರು. ಭತ್ಯೆಗಳು ಬೇರೆ. ಅರ್ಹತೆ, ಆಯ್ಕೆಯ ವಿಧಾನ ಒಂದೊಂದು ಅಧಿಸೂಚನೆಯಲ್ಲಿ ಒಂದೊಂದು ಥರ ಇರಬಹುದು, ಮೂಲ ಅಧಿಸೂಚನೆಯನ್ನೇ ಓದಿ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನಲ್ಲಿ ಗುತ್ತಿಗೆ ಹುದ್ದೆಗಳೂ ಇರುತ್ತವೆ, ಅದನ್ನು ಕಾಯಂ ಅಂದುಕೊಂಡು ಸೇರಬೇಡಿ. ವಿಜ್ಞಾನಿ ಹುದ್ದೆಗಳ ಬಡ್ತಿಯಲ್ಲಿ ಒಂದು ಅನುಕೂಲವಿದೆ. ಮೇಲಿನವರು ನಿವೃತ್ತರಾಗಲಿ ಅಂತ ಕಾಯಬೇಕಿಲ್ಲ. ನಿಗದಿತ ಸೇವೆ ಮುಗಿದ ಮೇಲೆ ಕೆಲಸದ ಮೌಲ್ಯಮಾಪನ, ಸಂದರ್ಶನ ನಡೆಯುತ್ತದೆ. ಹಾಗಂತ ಖಾಸಗಿ ಕಂಪನಿಯಲ್ಲಿರುವ ಗೆಳತಿಯ ಸಂಬಳ ಕೇಳಲು ಹೋಗಬೇಡಿ, ಹೊಟ್ಟೆ ಉರಿಯುತ್ತದೆ.

ಸರ್ಟಿಫಿಕೇಟ್‌ಗೆ ಸಾಲ ಮಾಡಬೇಡಿ. ಲಿನಕ್ಸ್, ನೆಟ್‌ವರ್ಕಿಂಗ್ ಚೆನ್ನಾಗಿ ಕಲಿಯಿರಿ. ಲಾಗ್ ಜಾಲಾಡುವಷ್ಟು ಪೈಥಾನ್ ಸಾಕು. ಯಾವ ಕೋರ್ಸಿನಲ್ಲೂ ಸರಿಯಾಗಿ ಹೇಳಿಕೊಡದ ಒಂದು ವಿದ್ಯೆ ಇದೆ: ಒಂದು ಪುಟದ ಟಿಪ್ಪಣಿ ಬರೆಯುವುದು. ‘ತೀವ್ರತೆ 9.8’ ಅಂತ ಬರೆದರೆ ಫೈಲ್ ಅಧಿಕಾರಿಯ ಮೇಜಿನ ಮೇಲೇ ಮಲಗಿರುತ್ತದೆ. ‘ಅರ್ಜಿದಾರರ ಬ್ಯಾಂಕ್ ಖಾತೆಯ ವಿವರವನ್ನು ಹೊರಗಿನ ಯಾರು ಬೇಕಾದರೂ ಇಳಿಸಿಕೊಳ್ಳಬಹುದು’ ಅಂತ ಬರೆಯಿರಿ. ಸಂಜೆಯೊಳಗೆ ಸಹಿ ಬೀಳುತ್ತದೆ.

ಪ್ರಶ್ನೆ: ಮಗ ಪಿಯುಸಿ ಓದುತ್ತಿದ್ದಾನೆ. ‘ಸರ್ಕಾರಿ ವೆಬ್‌ಸೈಟ್ ಹ್ಯಾಕ್ ಮಾಡಿ ತೋರಿಸಿದರೆ ಅವರೇ ಕರೆದು ಕೆಲಸ ಕೊಡುತ್ತಾರೆ’ ಅನ್ನುತ್ತಾನೆ. ಹೌದಾ?

ಉತ್ತರ: ಇಲ್ಲ ಸ್ವಾಮಿ! ದಯವಿಟ್ಟು ಇವತ್ತೇ ತಡೆಯಿರಿ. ಅನುಮತಿಯಿಲ್ಲದೆ, ದುರುದ್ದೇಶದಿಂದ ಬೇರೆಯವರ ಕಂಪ್ಯೂಟರ್ ಒಳಗೆ ನುಗ್ಗಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ‘ನನ್ನ ಉದ್ದೇಶ ಒಳ್ಳೆಯದಿತ್ತು’ ಅನ್ನುವುದನ್ನು ಆಮೇಲೆ ಅವನೇ ವಕೀಲರನ್ನಿಟ್ಟು ಹೇಳಬೇಕಾಗುತ್ತದೆ. ಸರ್ಕಾರಿ ನೌಕರಿಗೆ ಸೇರುವಾಗ ಪೊಲೀಸ್ ಪರಿಶೀಲನೆ ಇರುತ್ತದೆ, ಅಲ್ಲಿ ಈ ಕೇಸ್ ಅಡ್ಡ ಬರುತ್ತದೆ. ಸೈಟ್ ನೋಡುವಾಗ ತಾನಾಗಿಯೇ ದೋಷ ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ ಸರ್ಟ್-ಇನ್‌ಗೆ ತಿಳಿಸಲಿ, ಅದಕ್ಕೆ ವ್ಯವಸ್ಥೆ ಇದೆ. ಕೈ ತುರಿಸಿದರೆ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಎರಡು ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿಕೊಳ್ಳಲಿ. ಒಂದರಿಂದ ಇನ್ನೊಂದಕ್ಕೆ ಎಷ್ಟು ಬೇಕಾದರೂ ನುಗ್ಗಲಿ, ಯಾರೂ ಕೇಳುವುದಿಲ್ಲ.